ಮುಚ್ಚಿಹೋದ ಕ್ಷಿಪಣಿ ನೆಲೆಯ ಜಾಡು ಹಿಡಿಯುವುದು ಹೇಗೆ

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಬರುವ ನಮ್ಮಂಥ ತಂದೆತಾಯಿಗಳಿಗೆ ಸಾಮಾನ್ಯವಾಗಿ ಆರು ತಿಂಗಳ ಕಾಲಾವಕಾಶ ಸಿಗುತ್ತದೆ. ಮೊದಲ ತಿಂಗಳು ಮೊಮ್ಮಕ್ಕಳ ಜೊತೆ ಹೇಗೋ ಓಡಿಹೋಗುತ್ತದೆ. ಆಮೇಲೆ ಬೆಳಗಿನ ನಡಿಗೆಯೇ ದಿನದ ದೊಡ್ಡ ಕಾರ್ಯಕ್ರಮ. ನಾನು ಫ್ರೀಮಾಂಟ್‌ನ ಮಗಳ ಮನೆಯಿಂದ ವಾರಕ್ಕೆ ಎರಡು ಬಾರಿಯಾದರೂ ಕಯೋಟಿ ಹಿಲ್ಸ್ ಉದ್ಯಾನಕ್ಕೆ ಹೋಗುತ್ತಿದ್ದೆ. ಕೊಲ್ಲಿಯ ಅಂಚಿನಲ್ಲಿ ಬೋಳು ಹುಲ್ಲಿನ ಗುಡ್ಡಗಳು, ಕೆಳಗೆ ಜೊಂಡು ಬೆಳೆದ ಜೌಗು, ನೀರುಹಕ್ಕಿಗಳು. ಅಲ್ಲಿ ಒಂದು ಕಾಲುದಾರಿಯ ಫಲಕದಲ್ಲಿ ‘ನೈಕಿ ಟ್ರೇಲ್’ ಎಂದು ಬರೆದಿದೆ. ಜೊತೆಗೆ ನಡೆಯುತ್ತಿದ್ದ ನಮ್ಮೂರಿನವರೆಲ್ಲ ಅದನ್ನು ಬೂಟಿನ ಕಂಪನಿಯ ಹೆಸರೆಂದೇ ತಿಳಿದಿದ್ದರು. ಅದು ನೈಕಿ ಕ್ಷಿಪಣಿಯ ಹೆಸರು. ಅದೇ ಗುಡ್ಡದಲ್ಲಿ ಒಂದು ಕಾಲಕ್ಕೆ ಅಮೆರಿಕ ಸೇನೆಯ ವಾಯುರಕ್ಷಣಾ ಬ್ಯಾಟರಿಯೊಂದು, ಅಂದರೆ ಕ್ಷಿಪಣಿ ಹಾರಿಸುವ ತುಕಡಿಯೊಂದು, ಹಗಲೂ ರಾತ್ರಿ ಆಕಾಶ ಕಾಯುತ್ತಿತ್ತು.

ನಾನು ಜಾಲಹಳ್ಳಿಯ ಬಿಇಎಲ್‌ನಲ್ಲಿ ಮೂವತ್ತೊಂದು ವರ್ಷ ರೇಡಾರ್ ಕೆಲಸ ಮಾಡಿದವನು. ಎಲ್-70 ತೋಪುಗಳಿಗೆ ಗುರಿ ತೋರಿಸುವ ಫ್ಲೈಕ್ಯಾಚರ್ ರೇಡಾರ್‌ಗಳ ಜೋಡಣೆ ಮತ್ತು ಪರೀಕ್ಷೆಯಲ್ಲೇ ನನ್ನ ಅರ್ಧ ಆಯುಸ್ಸು ಕಳೆಯಿತು. ಹಾಗಾಗಿ ಆ ಫಲಕದ ಅರ್ಥ ತಿಳಿದ ಮೇಲೆ ಸುಮ್ಮನಿರಲಾಗಲಿಲ್ಲ. ವಿಸರ್ಜನೆಯಾದ ಒಂದು ವಾಯುರಕ್ಷಣಾ ತುಕಡಿಯ ಇತಿಹಾಸವನ್ನು ಪರದೇಶದವನೊಬ್ಬ, ವಯಸ್ಸಾದವನೊಬ್ಬ, ಕಾರು ಓಡಿಸಲು ಬಾರದವನೊಬ್ಬ ಹುಡುಕಬಹುದೇ? ಹುಡುಕಬಹುದು. ಎರಡು ಭೇಟಿಗಳಲ್ಲಿ, ಒಟ್ಟು ಹನ್ನೊಂದು ತಿಂಗಳಲ್ಲಿ ನಾನು ಕಲಿತ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ಇರುವವರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಷಿಕಾಗೊ, ನ್ಯೂಜೆರ್ಸಿ, ಲಾಸ್ ಏಂಜಲೀಸ್ ಕಡೆಯವರು ಊರಿನ ಹೆಸರು ಬದಲಿಸಿಕೊಂಡರೆ ಸಾಕು. ಅಲ್ಲೂ ಈ ನೆಲೆಗಳಿದ್ದವು.

ಹುಡುಕಲು ಹೊರಡುವ ಮುನ್ನ ಹಿನ್ನೆಲೆ ಸ್ವಲ್ಪ ತಿಳಿದಿರಲಿ. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ವಿಮಾನಗಳು ತೋಪಿನ ಗುಂಡಿಗೆ ಸಿಗದಷ್ಟು ಎತ್ತರ, ಸಿಗದಷ್ಟು ವೇಗ ಪಡೆದಿದ್ದವು. 1945ರಲ್ಲೇ ಅಮೆರಿಕ ಸೇನೆ ಬೆಲ್ ಪ್ರಯೋಗಾಲಯಕ್ಕೆ ನೆಲದಿಂದ ಹಾರಿ ವಿಮಾನ ಹೊಡೆಯುವ ಕ್ಷಿಪಣಿಯ ಕೆಲಸ ಒಪ್ಪಿಸಿತು. ಗ್ರೀಕರ ವಿಜಯದೇವತೆ ನೈಕಿಯ ಹೆಸರಿಟ್ಟರು. ಮೊದಲ ನೆಲೆ 1954ರಲ್ಲಿ ಮೇರಿಲ್ಯಾಂಡಿನ ಫೋರ್ಟ್ ಮೀಡ್‌ನಲ್ಲಿ ಕೆಲಸ ಆರಂಭಿಸಿತು. ಮೊದಲು ಬಂದ ನೈಕಿ ಏಜಾಕ್ಸ್ ಸುಮಾರು ನಲವತ್ತು ಕಿಲೋಮೀಟರ್ ದೂರ ಮುಟ್ಟುತ್ತಿತ್ತು. ಆಮೇಲೆ ಬಂದ ನೈಕಿ ಹರ್ಕ್ಯುಲಿಸ್ ನೂರು ಕಿಲೋಮೀಟರ್ ದಾಟಿ ಹೋಗುತ್ತಿತ್ತು ಮತ್ತು ಅದಕ್ಕೆ ಅಣು ಸಿಡಿತಲೆಯನ್ನೂ ಕೂರಿಸಬಹುದಿತ್ತು. ಸೋವಿಯತ್ ಬಾಂಬರ್‌ಗಳು ಬಂದರೆ ಊರ ಹೊರಗೇ ತಡೆಯಬೇಕೆಂದು ದೊಡ್ಡ ನಗರಗಳ ಸುತ್ತ ಉಂಗುರದಂತೆ ಈ ಬ್ಯಾಟರಿಗಳನ್ನು ನಿಲ್ಲಿಸಿದರು. ಬಾಂಬರ್‌ಗಳು ಬರಲೇ ಇಲ್ಲ. ಖಂಡಾಂತರ ಕ್ಷಿಪಣಿಗಳ ಕಾಲ ಬಂತು. ಅವುಗಳ ಎದುರು ಹರ್ಕ್ಯುಲಿಸ್‌ನಿಂದ ಪ್ರಯೋಜನವಿರಲಿಲ್ಲ. ಫ್ಲಾರಿಡಾ ಮತ್ತು ಅಲಾಸ್ಕ ಬಿಟ್ಟು ಉಳಿದೆಡೆ 1974ರಲ್ಲಿ ಬಾಗಿಲು ಹಾಕಿದರು. ಇವುಗಳನ್ನೆಲ್ಲ ನಡೆಸುತ್ತಿದ್ದ ಸೇನಾ ವಾಯುರಕ್ಷಣಾ ಕಮಾಂಡ್ 1975ರ ಜನವರಿಯಲ್ಲಿ ಇಲ್ಲವಾಯಿತು.

ಈಗ ಕೆಲಸಕ್ಕೆ ಬರೋಣ. ಮೊದಲು ನಿಮ್ಮ ಹತ್ತಿರದ ನೆಲೆಯ ಸಂಖ್ಯೆ ಕಂಡುಹಿಡಿಯಿರಿ. ಪ್ರತಿ ನೆಲೆಗೂ ಊರಿನ ಹೆಸರಿನ ಒಂದೋ ಎರಡೋ ಅಕ್ಷರ ಮತ್ತು ಒಂದು ಸಂಖ್ಯೆ ಇರುತ್ತದೆ. ಎಸ್‌ಎಫ್ ಎಂದರೆ ಸ್ಯಾನ್ ಫ್ರಾನ್ಸಿಸ್ಕೊ. ಸಂಖ್ಯೆಯನ್ನು ಮನಸ್ಸಿಗೆ ಬಂದಂತೆ ಕೊಟ್ಟಿಲ್ಲ. ನಗರವನ್ನು ಗಡಿಯಾರದ ಮುಖವೆಂದುಕೊಳ್ಳಿ. ಉತ್ತರದಿಂದ ಮುಳ್ಳು ತಿರುಗುವ ದಿಕ್ಕಿನಲ್ಲಿ ಎಣಿಕೆ ಸಾಗುತ್ತದೆ: 1ರಿಂದ 25 ಈಶಾನ್ಯ, 26ರಿಂದ 50 ಆಗ್ನೇಯ, 51ರಿಂದ 75 ನೈಋತ್ಯ, 76ರಿಂದ 99 ವಾಯವ್ಯ. ಕಯೋಟಿ ಹಿಲ್ಸ್‌ನ ನೆಲೆ ಎಸ್‌ಎಫ್-37, ಅಂದರೆ ಆಗ್ನೇಯ. ಗೋಲ್ಡನ್ ಗೇಟ್ ಸೇತುವೆಯ ಆಚೆಗಿರುವುದು ಎಸ್‌ಎಫ್-88, ಅಂದರೆ ವಾಯವ್ಯ. ಈ ಒಂದು ಸೂತ್ರ ತಿಳಿದರೆ ಕಾಗದದಲ್ಲಿ ಬರೀ ಸಂಖ್ಯೆ ಕಂಡಾಗಲೂ ಯಾವ ಕಡೆ ಮುಖ ಮಾಡಬೇಕೆಂದು ಗೊತ್ತಾಗುತ್ತದೆ. ಸಂಖ್ಯೆಯ ಕೊನೆಯಲ್ಲಿ ಎಲ್ ಇದ್ದರೆ ಉಡಾವಣೆಯ ಜಾಗ, ಸಿ ಇದ್ದರೆ ನಿಯಂತ್ರಣದ ಜಾಗ.

ಈ ಕೊನೆಯ ಅಕ್ಷರವನ್ನು ನಾನು ಮೊದಲು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ರೇಡಾರ್ ಇದ್ದ ಕಡೆಯೇ ಕ್ಷಿಪಣಿಯೂ ಇದ್ದಿರಬೇಕೆಂದು ಗುಡ್ಡದ ಸಾಲಿನಲ್ಲಿ ಎರಡು ದಿನ ಕಾಂಕ್ರೀಟ್ ಹುಡುಕಿ ಬರಿಗೈಯಲ್ಲಿ ಬಂದೆ. ನಮ್ಮ ಫ್ಲೈಕ್ಯಾಚರ್ ತೋಪಿನ ಪಕ್ಕದಲ್ಲೇ ನಿಲ್ಲುತ್ತಿತ್ತು. ಆ ರೂಢಿ ನನ್ನನ್ನು ದಾರಿ ತಪ್ಪಿಸಿತು. ನೈಕಿಯಲ್ಲಿ ರೇಡಾರ್ ನೆಲೆಗೂ ಉಡಾವಣೆಯ ನೆಲೆಗೂ ಕನಿಷ್ಠ ಒಂದು ಸಾವಿರ ಗಜ ಅಂತರ ಇರಲೇಬೇಕಿತ್ತು. ಏಕೆಂದು ಅರ್ಥ ಮಾಡಿಕೊಂಡರೆ ಇಡೀ ನೆಲೆಯೇ ಅರ್ಥವಾದಂತೆ. ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ದೀಪಾವಳಿಯಲ್ಲಿ ಮಕ್ಕಳು ರಾಕೆಟ್ ಬಿಡುವುದನ್ನು ನೆನೆಸಿಕೊಳ್ಳಿ. ಬಾಟಲಿಯ ಪಕ್ಕದಲ್ಲೇ ನಿಂತಿದ್ದರೆ ಅದು ಸುಯ್ಯೆಂದು ಮೇಲೇರುವಾಗ ನಿಮ್ಮ ಕತ್ತು ಅದರ ಜೊತೆ ಏಳುವುದಿಲ್ಲ. ನೀವು ತಲೆ ಎತ್ತುವಷ್ಟರಲ್ಲಿ ಅದು ಸಿಡಿದಿರುತ್ತದೆ. ಬೀದಿಯ ಆ ತುದಿಯಲ್ಲಿ ನಿಂತು ನೋಡಿದರೆ ನೆಲ ಬಿಟ್ಟಾಗಿನಿಂದ ಕೊನೆಯ ಕಿಡಿಯವರೆಗೂ ಕಣ್ಣು ತಪ್ಪುವುದಿಲ್ಲ. ರೇಡಾರಿನ ತಟ್ಟೆಗೂ ಇದೇ ಕಷ್ಟ. ಹರ್ಕ್ಯುಲಿಸ್ ಹನ್ನೆರಡು ಮೀಟರಿಗೂ ಉದ್ದ, ಸುಮಾರು ಐದು ಟನ್ ತೂಕ. ಆದರೂ ಅದನ್ನು ನೂಕುವ ನಾಲ್ಕು ಬೂಸ್ಟರ್‌ಗಳ ಕಟ್ಟು ಮೂರು ನಾಲ್ಕು ಸೆಕೆಂಡಿನಲ್ಲಿ ಉರಿದು ಕಳಚಿ ಬೀಳುತ್ತಿತ್ತು. ಅಷ್ಟರಲ್ಲಿ ಕ್ಷಿಪಣಿ ಶಬ್ದದ ವೇಗವನ್ನು ಮೀರಿರುತ್ತಿತ್ತು. ಹತ್ತಿರದ ತಟ್ಟೆ ಅಷ್ಟು ಬೇಗ ತಲೆ ಎತ್ತಲಾರದು. ಆದ್ದರಿಂದಲೇ ರೇಡಾರ್ ದೂರದ ಗುಡ್ಡದ ಮೇಲೆ, ಕ್ಷಿಪಣಿ ಕೆಳಗಿನ ಬಯಲಲ್ಲಿ.

ಗುಡ್ಡದ ಮೇಲೆ ಒಂದೇ ರೇಡಾರ್ ಇರುತ್ತಿರಲಿಲ್ಲ. ಒಂದು ಸುತ್ತಲೂ ತಿರುಗಿ ವಿಮಾನವನ್ನು ಹುಡುಕುತ್ತಿತ್ತು. ಇನ್ನೊಂದು ಆ ವಿಮಾನದ ಮೇಲೆ ನೋಟ ನೆಟ್ಟು ಬಿಡದೆ ಹಿಂಬಾಲಿಸುತ್ತಿತ್ತು. ಮತ್ತೊಂದು ನಮ್ಮದೇ ಕ್ಷಿಪಣಿಯನ್ನು, ಅದು ಇನ್ನೂ ಉಡಾವಣೆಯ ತೊಲೆಯ ಮೇಲೆ ಇರುವಾಗಲೇ, ಹಿಡಿದುಕೊಳ್ಳುತ್ತಿತ್ತು. ಹರ್ಕ್ಯುಲಿಸ್ ಬಂದ ಮೇಲೆ ದೂರ ಅಳೆಯುವುದಕ್ಕೆಂದೇ ಇನ್ನೊಂದು ಸೇರಿತು. ವಿಮಾನದ ಮತ್ತು ಕ್ಷಿಪಣಿಯ ಹಿಂದೆ ಬಿದ್ದ ಎರಡು ರೇಡಾರ್‌ಗಳು ಹೇಳುವ ಸ್ಥಾನಗಳನ್ನು ಒಂದು ಕಂಪ್ಯೂಟರ್ ತಾಳೆ ಹಾಕಿ, ಅವೆರಡೂ ಎಲ್ಲಿ ಕೂಡಬೇಕೆಂದು ಲೆಕ್ಕ ಮಾಡಿ, ಕ್ಷಿಪಣಿಗೆ ‘ಎಡಕ್ಕೆ, ಮೇಲಕ್ಕೆ, ಈಗ ಸಿಡಿ’ ಎಂದು ಅದೇ ರೇಡಾರಿನ ಕಿರಣದ ಮೂಲಕ ಅಪ್ಪಣೆ ಕೊಡುತ್ತಿತ್ತು. ಅದು ಅಂಕಿ ಎಣಿಸುವ ಈಗಿನ ಕಂಪ್ಯೂಟರ್ ಅಲ್ಲ. ವೋಲ್ಟೇಜ್‌ಗಳನ್ನೇ ಕೂಡಿ ಕಳೆಯುವ ಅನಲಾಗ್ ಯಂತ್ರ, ಒಳಗೆಲ್ಲ ನಿರ್ವಾತ ನಳಿಕೆಗಳು. ಅಂಥ ನಳಿಕೆಗಳ ಬಿಸಿಯನ್ನು, ಕಾದ ಬೇಕಲೈಟ್‌ನ ವಾಸನೆಯನ್ನು ನಾನು ಬಲ್ಲೆ. ಅಷ್ಟನ್ನೇ ನಂಬಿಕೊಂಡು ಇಷ್ಟು ಕರಾರುವಾಕ್ಕಾದ ಕೆಲಸ ಮಾಡಿದವರ ಮೇಲೆ ನನಗೆ ಅಪಾರ ಗೌರವವಿದೆ.

ಆದ್ದರಿಂದ ಸ್ಥಳಕ್ಕೆ ಹೋಗುವ ಮುನ್ನ ಹಳೆಯ ನಕ್ಷೆ ತೆಗೆಯಿರಿ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ ತನ್ನ ಹಳೆಯ ಭೂನಕ್ಷೆಗಳನ್ನೆಲ್ಲ ಉಚಿತವಾಗಿ ಇಳಿಸಿಕೊಳ್ಳಲು ಬಿಟ್ಟಿದೆ. 1950 ಮತ್ತು 60ರ ದಶಕದ ನಕ್ಷೆಗಳನ್ನು ಇವತ್ತಿನದರ ಪಕ್ಕದಲ್ಲಿಟ್ಟು ನೋಡಿ. ಎಲ್ಲಿಗೂ ಹೋಗದೆ ಗುಡ್ಡದ ತುದಿಯಲ್ಲೇ ಮುಗಿಯುವ ಒಂದು ರಸ್ತೆ, ಅಲ್ಲಿಂದ ಒಂದೆರಡು ಕಿಲೋಮೀಟರ್ ಕೆಳಗೆ ಬೇಲಿಯೊಳಗಿನ ಒಂದು ಚೌಕ: ಈ ಜೋಡಿ ಸಿಕ್ಕಿತೆಂದರೆ ಮೊದಲ ಎಳೆ ನಿಮ್ಮ ಕೈಯಲ್ಲಿದೆ. ಆ ಕಾಲದ ವೈಮಾನಿಕ ಚಿತ್ರ ಸಿಕ್ಕಿದರೆ ಇನ್ನೂ ಒಳ್ಳೆಯದು.

ಕಯೋಟಿ ಹಿಲ್ಸ್‌ನಲ್ಲಿ ಉಳಿದಿರುವುದು ಬಹಳ ಕಡಿಮೆ. ಅಲ್ಲಿಂದ ಆರಂಭಿಸಿದರೆ ನಿಮಗೆ ಬೇಸರವಾದೀತು. ಮೊದಲು ಎಸ್‌ಎಫ್-88 ನೋಡಿ, ಆಮೇಲೆ ಹಿಂದಿರುಗಿ. ಇದು ನನ್ನ ಗಟ್ಟಿಯಾದ ಸಲಹೆ. ಇಡೀ ಅಮೆರಿಕದಲ್ಲಿ ಇದರಷ್ಟು ಪೂರ್ಣವಾಗಿ ದುರಸ್ತಿಯಾದ ನೈಕಿ ನೆಲೆ ಇನ್ನೊಂದಿಲ್ಲ. ಮರಿನ್ ಹೆಡ್‌ಲ್ಯಾಂಡ್ಸ್‌ನ ಫೋರ್ಟ್ ಬ್ಯಾರಿಯಲ್ಲಿ, ರೋಡಿಯೊ ಲಗೂನ್ ಎಂಬ ಹಿನ್ನೀರಿನ ಹತ್ತಿರ ಇದೆ. ರಾಷ್ಟ್ರೀಯ ಉದ್ಯಾನ ಇಲಾಖೆ ನೋಡಿಕೊಳ್ಳುತ್ತದೆ. ದಿನವೂ ತೆರೆದಿರುವುದಿಲ್ಲ. ಇಲಾಖೆಯ ಜಾಲತಾಣದಲ್ಲಿ ದಿನ ನೋಡಿಕೊಂಡೇ ಮಗನಿಗೋ ಮಗಳಿಗೋ ರಜೆ ಹಾಕಲು ಹೇಳಿ. ಗೋಲ್ಡನ್ ಗೇಟ್ ಸೇತುವೆ ದಾಟಿದ ಮೇಲೆ ಒಂದು ಸುರಂಗ ಸಿಗುತ್ತದೆ. ಒಂದೇ ಸಾಲು ವಾಹನ ಹೋಗುವಷ್ಟು ಕಿರಿದು; ಕೆಂಪು ದೀಪ ಬಿದ್ದರೆ ಐದು ನಿಮಿಷ ಕಾಯಬೇಕು. ಸುರಂಗದ ಆಚೆಗೆ ಹವೆಯೇ ಬೇರೆ. ಊರಲ್ಲಿ ಬಿಸಿಲಿದ್ದರೂ ಅಲ್ಲಿ ಸಮುದ್ರದ ಮಂಜು ಕಣಿವೆಗೆ ನುಗ್ಗುತ್ತಿರುತ್ತದೆ. ಸ್ವೆಟರ್ ಮತ್ತು ಕಿವಿ ಮುಚ್ಚುವ ಟೋಪಿ ಮರೆಯಬೇಡಿ. ನಾನು ಜುಲೈ ತಿಂಗಳಲ್ಲಿ ಮಡಿಕೇರಿಯ ಮಳೆಗಾಲದಷ್ಟು ನಡುಗಿದೆ.

ಒಳಗೆ ಹೋದಮೇಲೆ ಕ್ಷಿಪಣಿಯ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವುದಕ್ಕೆ ಅವಸರ ಮಾಡಬೇಡಿ. ಮೊದಲು ನೆಲ ನೋಡಿ. ಕಾಂಕ್ರೀಟಿನಲ್ಲಿ ಹುದುಗಿದ ಉಕ್ಕಿನ ಹಳಿಗಳು ಕಾಣುತ್ತವೆ. ನಡುವೆ ಎರಡು ರೆಕ್ಕೆಯ ದೊಡ್ಡ ಬಾಗಿಲು, ನೆಲಕ್ಕೆ ಸಮನಾಗಿ ಮಲಗಿದೆ. ಅದರ ಕೆಳಗೇ ಕ್ಷಿಪಣಿಗಳ ನೆಲಮಾಳಿಗೆ. ಕ್ಷಿಪಣಿ ಲಿಫ್ಟಿನಲ್ಲಿ ಮೇಲೆ ಬರುತ್ತಿತ್ತು. ಅಲ್ಲಿಂದ ಉಡಾವಣೆಯ ತೊಲೆಯವರೆಗೆ ಹಳಿಗಳ ಮೇಲೆ ಕೈಯಿಂದಲೇ ತಳ್ಳುತ್ತಿದ್ದರು. ಆಮೇಲೆ ತೊಲೆ ಮೇಲೆದ್ದು ನಿಲ್ಲುತ್ತಿತ್ತು. ಪೂರಾ ನೆಟ್ಟಗಲ್ಲ, ಒಂದಿಷ್ಟು ಓರೆಯಾಗಿ. ಕಳಚಿದ ಬೂಸ್ಟರ್ ತಮ್ಮ ತಲೆಯ ಮೇಲೇ ಬೀಳಬಾರದಲ್ಲ.

ಸ್ವಯಂಸೇವಕರು ಲಿಫ್ಟಿನಲ್ಲಿ ಕೆಳಗೆ ಕರೆದೊಯ್ಯುವುದಾದರೆ ಖಂಡಿತ ಹೋಗಿ. ನನ್ನ ಜೊತೆ ಒಂಬತ್ತು ವರ್ಷದ ಮೊಮ್ಮಗಳಿದ್ದಳು. ಗಡಗಡ ಸದ್ದಿನೊಂದಿಗೆ ನೆಲ ಕುಸಿಯುತ್ತ ಹೋದಾಗ ಆಕಾಶದ ಚೌಕ ಚಿಕ್ಕದಾಗುತ್ತ ಬಂತು. ಅವಳು ನನ್ನ ಬೆರಳು ಬಿಗಿಯಾಗಿ ಹಿಡಿದು, ‘ತಾತ, ಇವರು ಇಲ್ಲೇ ಮಲಗುತ್ತಿದ್ದರಾ?’ ಎಂದು ಕೇಳಿದಳು. ಅಲ್ಲಿ ಮಲಗುತ್ತಿರಲಿಲ್ಲ. ಆದರೆ ಸರಿಯಾದ ಪ್ರಶ್ನೆ ಅದು. ಕ್ಷಿಪಣಿ ಎಷ್ಟು ದೂರ ಹಾರುತ್ತಿತ್ತೆಂದು ಎಲ್ಲ ಫಲಕಗಳಲ್ಲೂ ಬರೆದಿದೆ. ಒಂದು ಬ್ಯಾಟರಿಯ ಸುಮಾರು ನೂರು ಜನ ಎಲ್ಲಿ ಮಲಗಿದರು, ಏನು ಉಂಡರು, ಯಾವುದಕ್ಕೆ ಹೆದರಿದರು ಎನ್ನುವುದನ್ನು ನೀವೇ ಹುಡುಕಬೇಕು. ತುಕಡಿಯ ಇತಿಹಾಸ ಎನ್ನುವುದು ಅದೇ.

ಹೆದರಿಕೆಯ ಗುರುತನ್ನು ನೆಲದಲ್ಲೇ ಓದಬಹುದು. ಕ್ಷಿಪಣಿಗಳನ್ನು ಸಜ್ಜುಗೊಳಿಸುವ ಜಾಗದಲ್ಲಿ ಎತ್ತರದ ಮಣ್ಣಿನ ದಿಬ್ಬ ಇದೆಯೇ ನೋಡಿ. ಅದು ಇಂಧನ ತುಂಬುವ ಜಾಗ. ಏಜಾಕ್ಸ್‌ಗೆ ದ್ರವ ಇಂಧನ. ಅದನ್ನು ಉರಿಸಲು ಹೊಗೆಯಾಡುವ ನೈಟ್ರಿಕ್ ಆಮ್ಲ. ರಬ್ಬರಿನ ಅಂಗಿ ಮುಸುಕು ಹಾಕಿಕೊಂಡು, ಪಕ್ಕದಲ್ಲೇ ನೀರು ಇಟ್ಟುಕೊಂಡು ತುಂಬಬೇಕಿತ್ತು. ಏನಾದರೂ ಸಿಡಿದರೆ ಉಳಿದ ಜಾಗಕ್ಕೆ ತಾಗದಿರಲೆಂದು ಆ ದಿಬ್ಬ. ಹರ್ಕ್ಯುಲಿಸ್ ಗಟ್ಟಿ ಇಂಧನದ್ದಾದ್ದರಿಂದ ಆ ಕಷ್ಟ ತಪ್ಪಿತು. ನ್ಯೂಜೆರ್ಸಿಯ ಮಿಡಲ್‌ಟೌನ್ ಹತ್ತಿರದ ನೆಲೆಯಲ್ಲಿ 1958ರ ಮೇ 22ರಂದು ಏಜಾಕ್ಸ್ ಕ್ಷಿಪಣಿಗಳಿಗೆ ಹೊಸ ಭಾಗವೊಂದನ್ನು ಜೋಡಿಸುತ್ತಿದ್ದಾಗ ಒಂದು ಸಿಡಿದು, ಅದರಿಂದ ಇನ್ನುಳಿದವು ಹೊತ್ತಿ, ಎಂಟು ಕ್ಷಿಪಣಿಗಳು ಸ್ಫೋಟಿಸಿದವು. ಹತ್ತು ಜನ ಸತ್ತರು. ಆರು ಸೈನಿಕರು, ನಾಲ್ವರು ನಾಗರಿಕರು. ಶತ್ರುವಿನ ಒಂದು ವಿಮಾನವೂ ಬಾರದ ಈ ಕಾವಲಿನಲ್ಲಿ ಪ್ರಾಣ ತೆತ್ತವರು ಅವರು. ನ್ಯೂಜೆರ್ಸಿಯಲ್ಲಿರುವ ಕನ್ನಡಿಗರು ಆ ತುಕಡಿಯ ಹೆಸರಿನಿಂದಲೇ ಹುಡುಕಾಟ ಶುರು ಮಾಡಬಹುದು: 526ನೇ ವಿಮಾನನಾಶಕ ಕ್ಷಿಪಣಿ ಬೆಟಾಲಿಯನ್, ಬಿ ಬ್ಯಾಟರಿ.

ನೆಲ ಓದಿ ಮುಗಿದ ಮೇಲೆ ಕಾಗದಕ್ಕೆ ಬನ್ನಿ. ಇಲ್ಲಿ ದೊಡ್ಡ ತೊಡಕು ಹೆಸರಿನದು. ನೆಲೆ ಬೇರೆ, ತುಕಡಿ ಬೇರೆ. ಒಂದೇ ನೆಲೆಯಲ್ಲಿ ಇಪ್ಪತ್ತು ವರ್ಷದಲ್ಲಿ ಹಲವು ತುಕಡಿಗಳು ಇದ್ದು ಹೋಗಿರುತ್ತವೆ. ಜೊತೆಗೆ 1958ರ ಸುಮಾರಿಗೆ ಸೇನೆ ಎಲ್ಲರ ಹೆಸರನ್ನೂ ಬದಲಿಸಿತು. ಹಳೆಯ ಮೂರಂಕಿಯ ಬೆಟಾಲಿಯನ್‌ಗಳು ರಾತ್ರೋರಾತ್ರಿ ಹಳೆಯ ಫಿರಂಗಿ ರೆಜಿಮೆಂಟ್‌ಗಳ ಬೆಟಾಲಿಯನ್‌ಗಳಾದವು. ಅದೇ ಜನ, ಅದೇ ಗುಡ್ಡ, ಹೊಸ ಹೆಸರು. ಎಸ್‌ಎಫ್-88ರಲ್ಲಿ ಬಹುಕಾಲ ಇದ್ದದ್ದು 51ನೇ ಆರ್ಟಿಲರಿಯ 2ನೇ ಬೆಟಾಲಿಯನ್‌ನ ಬಿ ಬ್ಯಾಟರಿ. ಇದನ್ನು ಕಾಗದದಲ್ಲಿ ‘ಬಿ/2/51’ ಎಂದಷ್ಟೇ ಬರೆದಿರುತ್ತಾರೆ. ಬ್ಯಾಟರಿ, ಬೆಟಾಲಿಯನ್, ರೆಜಿಮೆಂಟ್ ಎಂಬ ಕ್ರಮದಲ್ಲಿ ಓದಿಕೊಳ್ಳಬೇಕು. ನಾನು ಒಂದು ಉದ್ದ ಕಾಗದದಲ್ಲಿ ಮೇಲೆ ವರ್ಷಗಳನ್ನು ಬರೆದು, ಕೆಳಗೆ ನೆಲೆಗೊಂದು ಸಾಲು ಹಾಕಿ, ತುಕಡಿ ಬದಲಾದಾಗಲೆಲ್ಲ ಬಣ್ಣ ಬದಲಿಸಿದೆ. ಮಗಳ ಊಟದ ಮೇಜಿನ ಉದ್ದಕ್ಕೂ ಅದು ಮೂರು ವಾರ ಹರಡಿಕೊಂಡಿತ್ತು. ಅವಳು ತಾಳ್ಮೆಯಿಂದ ಅಡುಗೆಮನೆಯಲ್ಲೇ ಊಟ ಬಡಿಸಿದಳು.

ಇನ್ನೊಂದು ಪದದ ವಿಷಯದಲ್ಲಿ ಎಚ್ಚರ ಬೇಕು. ಕನ್ನಡದಲ್ಲಿ ನಾವು ‘ವಿಸರ್ಜನೆ’ ಎಂದು ಒಂದೇ ಮಾತಿನಲ್ಲಿ ಹೇಳುತ್ತೇವೆ. ಅಮೆರಿಕ ಸೇನೆಯಲ್ಲಿ ಎರಡು ಬಗೆಯಿದೆ. ಒಂದರಲ್ಲಿ ಜನರನ್ನೆಲ್ಲ ಬೇರೆಡೆಗೆ ಕಳಿಸಿ, ಬಾವುಟ ಮಡಚಿಟ್ಟು, ಹೆಸರನ್ನು ಮಾತ್ರ ಜೋಪಾನ ಮಾಡುತ್ತಾರೆ. ಬೇಕೆಂದಾಗ ಅದೇ ಹೆಸರಿಗೆ ಮತ್ತೆ ಜೀವ ಕೊಡಬಹುದು. ಇನ್ನೊಂದರಲ್ಲಿ ಹೆಸರನ್ನೂ ಪಟ್ಟಿಯಿಂದ ತೆಗೆದುಹಾಕುತ್ತಾರೆ. ನಿಮ್ಮ ತುಕಡಿ ಯಾವ ಬಗೆಯದೆಂದು ತಿಳಿದರೆ ಅದರ ವಂಶಾವಳಿ ಎಲ್ಲಿ ಸಿಗುತ್ತದೆಂಬುದು ತಿಳಿಯುತ್ತದೆ. ಸೇನೆಯ ಮಿಲಿಟರಿ ಇತಿಹಾಸ ಕೇಂದ್ರ ಇಂಥ ವಂಶಾವಳಿಗಳನ್ನು ದಾಖಲಿಸಿ ಇಟ್ಟಿದೆ. ವಾಯುರಕ್ಷಣಾ ಕಮಾಂಡ್ ‘ಆರ್ಗಸ್’ ಎಂಬ ತನ್ನದೇ ಪತ್ರಿಕೆಯನ್ನೂ ಹೊರಡಿಸುತ್ತಿತ್ತು. ಅದರ ಹಳೆಯ ಸಂಚಿಕೆಗಳು ಸಿಕ್ಕಿದರೆ ಬಿಡಬೇಡಿ. ಸರ್ಕಾರಿ ವರದಿಯಲ್ಲಿ ಇಲ್ಲದ ಮನುಷ್ಯರ ಮುಖಗಳು ಇರುವುದು ಅಂಥ ಕಡೆಗಳಲ್ಲೇ.

ವ್ಯಕ್ತಿಗಳ ಸೇವಾ ದಾಖಲೆ ಬೇಕೆಂದರೆ ಸೇಂಟ್ ಲೂಯಿಸ್‌ನ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರಕ್ಕೆ ಬರೆಯಬೇಕು. ಆದರೆ ಅಲ್ಲಿ 1973ರ ಜುಲೈ 12ರಂದು ದೊಡ್ಡ ಬೆಂಕಿ ಬಿತ್ತು. 1912ರಿಂದ 1960ರೊಳಗೆ ಸೇನೆ ಬಿಟ್ಟವರ ಕಡತಗಳಲ್ಲಿ ಸುಮಾರು ನೂರಕ್ಕೆ ಎಂಬತ್ತರಷ್ಟು ಸುಟ್ಟುಹೋದವು. ಏಜಾಕ್ಸ್ ಕಾಲದ ಹುಡುಗರು ಬಹಳ ಮಂದಿ ಈ ಅವಧಿಯವರೇ. ಇದನ್ನು ಓದಿದ ದಿನ ನನಗೆ ನಿಜಕ್ಕೂ ಸಂಕಟವಾಯಿತು. ಮೂವತ್ತೊಂದು ವರ್ಷ ಪರೀಕ್ಷಾ ಪುಸ್ತಕಗಳಿಗೆ ಸಹಿ ಹಾಕಿದವನಿಗೆ ಸುಟ್ಟ ಕಡತವೆಂದರೆ ಏನೆಂದು ಗೊತ್ತು. ಹಾಗಾಗಿ ಬದುಕಿರುವವರ ಬಾಯಿಂದ ಕೇಳುವ ಕೆಲಸವನ್ನು ನಾಳೆಗೆ ಇಡಬೇಡಿ. ಅವರಲ್ಲಿ ಚಿಕ್ಕವರಿಗೂ ಈಗ ವಯಸ್ಸಾಗಿದೆ.

ಕೇಳುವುದಕ್ಕೂ ಒಂದು ಹದವಿದೆ. ಎಸ್‌ಎಫ್-88ರಲ್ಲಿ ನನಗೆ ಸಿಕ್ಕ ಸ್ವಯಂಸೇವಕರೊಬ್ಬರು ಹರೆಯದಲ್ಲಿ ಇಂಥದೇ ಒಂದು ಬ್ಯಾಟರಿಯ ಉಡಾವಣಾ ತಂಡದಲ್ಲಿದ್ದವರು. ‘ಶೀತಲ ಸಮರದ ಬಗ್ಗೆ ನಿಮ್ಮ ಅಭಿಪ್ರಾಯವೇನು?’ ಎಂದು ನಾನು ಶುರು ಮಾಡಿದಾಗ ಅವರು ಫಲಕದಲ್ಲಿದ್ದ ಮಾತನ್ನೇ ಒಪ್ಪಿಸಿದರು. ‘ಮಂಜಿನಲ್ಲಿ ಹಳಿ ಒದ್ದೆಯಾದಾಗ ಹೇಗೆ ತಳ್ಳುತ್ತಿದ್ದಿರಿ?’ ಎಂದು ಕೇಳಿದೆ. ಅವರ ಕೈಗಳು ತಾವಾಗಿಯೇ ಮುಂದೆ ಬಂದವು. ಆಮೇಲೆ ಒಂದು ಗಂಟೆ ಮಾತು ನಿಲ್ಲಲಿಲ್ಲ. ರಾತ್ರಿ ಎರಡಕ್ಕೆ ಸೈರನ್ ಕೂಗಿದರೆ ಬೂಟಿನ ದಾರ ಕಟ್ಟದೆ ಓಡಿದ್ದು, ಇದು ಅಭ್ಯಾಸವೋ ನಿಜವೋ ಎಂದು ಯಾರೂ ಹೇಳದಿದ್ದದ್ದು, ಕಾವಲು ನಾಯಿಗಳಿಗೆ ತಮ್ಮ ಪಾಲಕರ ಹೊರತು ಎಲ್ಲರೂ ಶತ್ರುಗಳೇ ಆಗಿದ್ದದ್ದು. ನಿಜವಾಗಿ ಕ್ಷಿಪಣಿ ಹಾರಿಸುವ ಅಭ್ಯಾಸಕ್ಕೆ ನ್ಯೂ ಮೆಕ್ಸಿಕೊದ ಮರುಭೂಮಿಗೆ, ಮೆಕ್‌ಗ್ರೆಗರ್ ರೇಂಜ್‌ಗೆ ಹೋಗಬೇಕಿತ್ತು. ಈ ಕಣಿವೆಯಿಂದ ಒಂದೂ ಹಾರಲಿಲ್ಲ. ಕೈ ಮಾಡಿದ ಕೆಲಸವನ್ನು ಕೇಳಿ, ನೆನಪು ಹಿಂದೆಯೇ ಬರುತ್ತದೆ. ಮಾತಿನ ನಡುವೆ ತಿದ್ದಬೇಡಿ. ಅವರು ಹೇಳುವ ವರ್ಷ ತಪ್ಪೆನಿಸಿದರೆ ಮನೆಗೆ ಬಂದು ತಾಳೆ ನೋಡಿ. ಧ್ವನಿ ಮುದ್ರಿಸಿಕೊಳ್ಳುವುದಾದರೆ ಮೊದಲೇ ಅನುಮತಿ ಕೇಳಿ.

ಸಮಯ ಉಳಿದರೆ ಉಳಿದ ನೆಲೆಗಳನ್ನೂ ಸುತ್ತಿ ಬನ್ನಿ. ಫೋರ್ಟ್ ಫನ್‌ಸ್ಟನ್‌ನಲ್ಲಿ ನಿಮ್ಮ ಕಾರು ನಿಲ್ಲುವ ಜಾಗವೇ ಹಳೆಯ ಉಡಾವಣಾ ನೆಲೆ. ಏಂಜಲ್ ದ್ವೀಪದಲ್ಲಿ ರೇಡಾರಿಗೆಂದು ಬೆಟ್ಟದ ತುದಿಯನ್ನೇ ಕತ್ತರಿಸಿದ್ದರು. 2002ರಲ್ಲಿ ಮಣ್ಣು ತುಂಬಿ ಅದರ ಎತ್ತರವನ್ನು ಮರಳಿ ಕೊಟ್ಟರು. ಎಸ್‌ಎಫ್-88ರ ನೆರೆಯ ಎಸ್‌ಎಫ್-87ರ ಜಾಗದಲ್ಲಿ ಈಗ ಕಡಲ ಸಸ್ತನಿಗಳ ಆಸ್ಪತ್ರೆಯಿದೆ. ಗಾಯಗೊಂಡ ಕಡಲಸಿಂಹಗಳನ್ನು ಅಲ್ಲಿ ಆರೈಕೆ ಮಾಡುತ್ತಾರೆ. ನಮ್ಮ ಕಯೋಟಿ ಹಿಲ್ಸ್ ನೆಲೆ ಮುಚ್ಚಿದ ಮೇಲೆ ಅಲ್ಲಿಗೆ ಬಂದ ವಿಜ್ಞಾನಿಗಳೂ ಕಡಲಸಿಂಹಗಳನ್ನೇ ಸಾಕಿ, ಅವು ನೀರಿನೊಳಗೆ ಸದ್ದಿನಿಂದ ದಾರಿ ಕಾಣುತ್ತವೆಯೇ ಎಂದು ಪರೀಕ್ಷಿಸುತ್ತಿದ್ದರು. ರೇಡಾರ್ ಇದ್ದ ಊರಿಗೆ ತಕ್ಕ ನೆಂಟರು.

ಎಸ್‌ಎಫ್-88ಕ್ಕೆ ಎರಡನೆಯ ಬಾರಿ ಹೋಗುವಾಗ ನೀವು ಬರೆದ ನಕ್ಷೆಯನ್ನು ತೆಗೆದುಕೊಂಡು ಹೋಗಿ. ಪೆನ್ನಿನಲ್ಲಲ್ಲ, ಪೆನ್ಸಿಲ್‌ನಲ್ಲಿ ಬರೆದದ್ದು. ಊರಿಗೆ ಹೊರಡುವ ಹಿಂದಿನ ವಾರ ನಾನು ನನ್ನದನ್ನು ಆ ಸ್ವಯಂಸೇವಕರ ಮುಂದೆ ಹರಡಿದೆ. ನೆಲಮಾಳಿಗೆ, ಲಿಫ್ಟು, ಹಳಿ, ನಾಲ್ಕು ತೊಲೆಗಳು, ಎಲ್ಲ ಅಳತೆಗೆ ತಕ್ಕಂತೆ ಇದ್ದವು. ಅವರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕೈಯಿಂದ ಪೆನ್ಸಿಲ್ ತೆಗೆದುಕೊಂಡು ಹಳಿಗಳ ಎರಡೂ ಬದಿಗೆ ಸಣ್ಣ ಸಣ್ಣ ಗುರುತು ಹಾಕುತ್ತ ಹೋದರು. ಕ್ಷಿಪಣಿಯನ್ನು ತಳ್ಳುವಾಗ ಯಾರು ಎಲ್ಲಿ ನಿಲ್ಲುತ್ತಿದ್ದರೆಂಬ ಗುರುತುಗಳು ಅವು. ಕೊನೆಯ ಗುರುತಿನ ಪಕ್ಕದಲ್ಲಿ ‘ನಾನು’ ಎಂದು ಬರೆದು ಪೆನ್ಸಿಲ್ ವಾಪಸು ಕೊಟ್ಟರು.